ಹಡಗಿನ ಊಟಕ್ಕೆ ಆರು ಸೀರೆ

ನಮ್ಮ ಎದುರು ಮನೆಯ ಸೂರ್ಯಕಾಂತರಿಗೆ ಭಗವಂತ ಎಲ್ಲವನ್ನೂ ಕೊಟ್ಟಿದ್ದಾನೆ. 'ಗೊತ್ತಿಲ್ಲ' ಎಂಬ ಒಂದು ಮಾತನ್ನು ಕೊಡಲು ಮಾತ್ರ ಮರೆತಿದ್ದಾನೆ. ಹೈದರಾಬಾದಿನ ಕುಷಾಯಿಗೂಡದ ನಮ್ಮ ಅಪಾರ್ಟ್‌ಮೆಂಟಿಗೆ ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿ, ನಿಮಿಷದ ಲೆಕ್ಕದಲ್ಲಿ ಹೇಳುತ್ತಾರೆ. ಆ ಹೊತ್ತಿಗೆ ಟ್ಯಾಂಕರ್ ಬರದಿದ್ದರೆ ತಪ್ಪು ಟ್ಯಾಂಕರಿನದು. ನಾನೂ ಅವರೂ ಇಲ್ಲಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಒಂದೇ ವರ್ಷ ಸೇರಿದವರು. ಅವರು ಸ್ಟೋರ್ಸಿನಲ್ಲಿ, ನಾನು ಟೆಸ್ಟಿಂಗಿನಲ್ಲಿ. ನನ್ನ ಹೆಸರು ಬಂಡೆಪ್ಪ. ಈ ಕಥೆಯಲ್ಲಿ ನನ್ನ ಪಾತ್ರ ಸಣ್ಣದು. ಒಂದು ಸಂಜೆ ಕ್ಯಾಪ್ಟನ್ ಆಗಿದ್ದೆ, ಅಷ್ಟೆ.

ಶ್ರಾವಣದಲ್ಲಿ ಸೂರ್ಯಕಾಂತರ ಹೆಂಡತಿ ಶಿವದೇವಿ ಚೌರಸ್ತಾದ ಸೀರೆ ಅಂಗಡಿಯಲ್ಲಿ ಯಾರದೋ ಮದುವೆಗೆ ಕೊಡಲು ಎರಡು ಸೀರೆ ಕೊಂಡರು. ಅಂಗಡಿಯವರು ಕೂಪನ್ ಕೊಟ್ಟರು. ಶಿವದೇವಿ ಹೆಸರು ಬರೆದು ಡಬ್ಬಿಗೆ ಹಾಕಿ ಮರೆತುಬಿಟ್ಟರು. ದಸರೆಯ ಹೊತ್ತಿಗೆ ಅಂಗಡಿಯಿಂದ ಫೋನ್ ಬಂತು: ಮೊದಲ ಬಹುಮಾನ, ಮುಂಬೈಯಿಂದ ಹಡಗಿನಲ್ಲಿ ಇಬ್ಬರಿಗೆ ಮೂರು ರಾತ್ರಿಯ ಪ್ರವಾಸ. ಶಿವದೇವಿ ಅದನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು, ನಮ್ಮ ಮನೆಗೆ ಓಡಿ ಬಂದು ನನ್ನ ಹೆಂಡತಿ ಶೋಭಾಳ ಕೈ ಹಿಡಿದು ಕೂತುಬಿಟ್ಟರು. ಭಾಲ್ಕಿಯಲ್ಲಿ ಹುಟ್ಟಿ ಹೈದರಾಬಾದಿಗೆ ಬಂದ ಹೆಣ್ಣುಮಗಳು. ಅವರು ಕಂಡಿದ್ದ ದೊಡ್ಡ ನೀರೆಂದರೆ ಟ್ಯಾಂಕ್ ಬಂಡ್ ಮೇಲೆ ನಿಂತು ನೋಡಿದ ಹುಸೇನ್ ಸಾಗರ. ಸಮುದ್ರ ನೋಡಬೇಕೆಂಬ ಆಸೆಯನ್ನು ಮೂವತ್ತು ವರ್ಷದಿಂದ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಆ ದಿನ ಶೋಭಾಳಿಗೆ ಹೇಳಿದರು. ಹೇಳುವಾಗ ಅವರ ಮುಖ ನೋಡಿ ನನಗೂ ಸಂತೋಷವಾಯಿತು.

ಇಷ್ಟಕ್ಕೇ ನಿಂತಿದ್ದರೆ ಗಂಡ ಹೆಂಡತಿ ಹೋಗಿ ಸಮುದ್ರ ನೋಡಿ ಬರುತ್ತಿದ್ದರು, ನಾನು ಈ ಕಥೆ ಬರೆಯುತ್ತಿರಲಿಲ್ಲ. ಆದರೆ ಮರುವಾರ ಲಿಂಗಂಪಲ್ಲಿಯಲ್ಲಿ ಸೂರ್ಯಕಾಂತರ ತಮ್ಮನ ಮನೆಯಲ್ಲಿ ಮೊಮ್ಮಗುವಿನ ಕೂದಲು ತೆಗೆಸುವ ಜಾವಳ ಇತ್ತು. ನಮ್ಮ ಕಡೆಯ ಮಂದಿ ನಲವತ್ತು ಜನ ಸೇರಿದ್ದರು. ಊಟವಾಗಿ ಎಲೆ ಅಡಿಕೆಗೆ ಕೂತಾಗ ತಮ್ಮನ ಹೆಂಡತಿ ವಿಜಯಶ್ರೀ, ಹಡಗಿನಲ್ಲಿ ರಾತ್ರಿ ಊಟಕ್ಕೆ ಹೆಂಗಸರು ಏನು ಉಡುತ್ತಾರೆ ಎಂದು ಸುಮ್ಮನೆ ಕೇಳಿದಳು.

ಸೂರ್ಯಕಾಂತರಿಗೆ ಆ ವಿಷಯದಲ್ಲಿ ಗೊತ್ತಿದ್ದದ್ದು ಒಂದೇ ಒಂದು ಶಬ್ದ. ಟಿಕೆಟಿನ ಜೊತೆ ಬಂದಿದ್ದ ಕಾಗದದಲ್ಲಿ, ರಾತ್ರಿ ಊಟದ ಎದುರಿಗೆ 'ಕ್ಯಾಶುವಲ್' ಎಂದು ಅಚ್ಚಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ನೋಡಬೇಕು ಎನ್ನುತ್ತಿದ್ದರು. ಇವರು ಎಲೆಗೆ ಸುಣ್ಣ ಹಚ್ಚುತ್ತ, ಗಂಟಲು ಸರಿಮಾಡಿಕೊಂಡರು.

"ಅದಕ್ಕ ಕ್ಯಾಶುವಲ್ ಡಿನ್ನರ್ ಅಂತಾರ. ಕ್ಯಾಪ್ಟನ್ ಸ್ವತಃ ಬಾಗಲದಾಗ ನಿಂತು ಜೋಡಿ ಜೋಡೀನ ಒಳಗ ಕರ್ಕೊಂತಾನ. ಹೆಣ್ಮಕ್ಕಳು ದಿನಾ ಹೊಸಾ ಸೀರಿ ಉಡಬೇಕು, ಘಳಿಗಿ ಮುರೀದಿದ್ದು. ರೂಲ್ ಐತಿ."

ಘಳಿಗೆ ಮುರಿಯುವುದೆಂದರೆ ಹೊಸ ಸೀರೆಯ ಮಡಿಕೆ ಬಿಚ್ಚಿ ಮೊದಲ ಸಲ ಉಡುವುದು. ಮೇಲಿನ ಮಾತುಗಳಲ್ಲಿ 'ಕ್ಯಾಶುವಲ್' ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಆ ಕ್ಷಣದಲ್ಲಿ, ಆ ಎಲೆ ಅಡಿಕೆಯ ತಟ್ಟೆಯ ಎದುರಿಗೇ ಹುಟ್ಟಿದ್ದು. ಶಿವದೇವಿ ಗಂಡನ ಮುಖವನ್ನೇ ನೋಡಿದರು. ಆದರೆ ಅಷ್ಟರಲ್ಲಿ ಮಾತು ಶಂಕ್ರಮ್ಮನ ಕಿವಿಗೆ ಬಿದ್ದಾಗಿತ್ತು.

ಶಂಕ್ರಮ್ಮ ಈ ಅಣ್ಣತಮ್ಮಂದಿರ ಹಿರಿಯಕ್ಕ. ಎಪ್ಪತ್ತೆಂಟು ವರ್ಷ. ಯಾರಿಗೆ ಎಷ್ಟು ಹೋಳಿಗೆ, ಯಾರಿಗೆ ಯಾವ ಮರ್ಯಾದೆ, ಯಾವುದು ಶಾಸ್ತ್ರ, ಯಾವುದು ಅಲ್ಲ, ಎಲ್ಲದರಲ್ಲೂ ಆ ಮನೆತನಕ್ಕೆ ಆಕೆಯ ಮಾತೇ ಕೊನೆ. ಗೋಡೆಗೆ ಒರಗಿ ಕೂತಿದ್ದ ಮುದುಕಿ ತೀರ್ಪು ಕೊಟ್ಟರು.

"ಗಂಡ ಹೆಂಡ್ತೀನ ಜೋಡೀಲೆ ಕರದು, ಬಾಗಲದಾಗ ನಿಂತು ಒಳಗ ಕರ್ಕೊಂಡು, ಮೂರು ದಿನ ಉಣಸ್ತಾರಂದ್ರ ಅದು ಕಾರ್ಯನ. ಕಾರ್ಯ ಅಂದಮ್ಯಾಲ ನಾವು ಆಯೇರಿ ಮಾಡಬೇಕಾಗ್ತೈತಿ."

ನಮ್ಮಲ್ಲಿ ಮದುವೆ ಮುಂಜಿಗಳಲ್ಲಿ ಬೀಗರು ನೆಂಟರು ಸೀರೆ ಪಂಚೆ ಕೊಡುವುದಕ್ಕೆ ಆಯೇರಿ ಎನ್ನುತ್ತಾರೆ. ಇದರಲ್ಲಿ ಎರಡು ಅಪಾಯಗಳಿವೆ. ಒಬ್ಬರು ಮಾಡಿದರೆ ಇನ್ನೊಬ್ಬರು ಬಿಡುವ ಹಾಗಿಲ್ಲ. ಮತ್ತೆ, ಕೊಟ್ಟ ಸೀರೆಯನ್ನು ಆ ಕಾರ್ಯದಲ್ಲೇ ಉಡಬೇಕು. ಉಡದೆ ಪೆಟ್ಟಿಗೆಯಲ್ಲಿಟ್ಟರೆ ಕೊಟ್ಟವರು ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ. ಹಡಗಿನ ಕಂಪನಿಯವರು ಇದನ್ನೆಲ್ಲ ಯೋಚಿಸಿರಲಿಕ್ಕಿಲ್ಲ.

ಹತ್ತು ದಿನಗಳಲ್ಲಿ ಎದುರು ಮನೆಗೆ ಐದು ಸೀರೆ ಬಂದವು. ಶಂಕ್ರಮ್ಮನದು ಇಳಕಲ್ಲು. ವಿಜಯಶ್ರೀಯದು ಗೇಣಗಲ ಅಂಚಿನ ಭಾರೀ ಪತ್ತಲ; ಅದನ್ನು ಎತ್ತಿಕೊಳ್ಳುವುದಕ್ಕೇ ಒಬ್ಬರು ಬೇಕು. ಭಾಲ್ಕಿಯಿಂದ ಶಿವದೇವಿಯ ತವರಿನವರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದು ಹಸಿರು. ಬೇಗಂಪೇಟೆಯ ಸೋದರತ್ತೆಯ ಮಗಳದು ಕೆಂಪು. ಕಾರ್ಖಾನೆಯ ಕನ್ನಡದ ಹೆಂಗಸರು ಒಟ್ಟಾಗಿ ಒಂದು ಕೊಟ್ಟರು. ಇಷ್ಟೆಲ್ಲ ನೋಡಿದ ಮೇಲೆ ನನ್ನ ಶೋಭಾ ಸುಮ್ಮನಿದ್ದರೆ ಹೇಗೆ? ಎದುರು ಬಾಗಿಲಲ್ಲೇ ಇದ್ದು ಮಾಡದಿದ್ದರೆ ಮುಖ ತೋರಿಸುವುದು ಹೇಗೆ ಎಂದು ಅವಳೂ ಒಂದು ಗದ್ವಾಲ ಸೀರೆ ತಂದಳು. ಆರಾದವು. ಪ್ರತಿಯೊಬ್ಬರೂ ಅರಿಶಿನ ಕುಂಕುಮ ಹಚ್ಚಿ ಕೊಟ್ಟು, ಹೋಗುವಾಗ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದರು: ಉಟ್ಟುಕೊಂಡು ಕ್ಯಾಪ್ಟನ್ ಪಕ್ಕದಲ್ಲಿ ನಿಂತ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಬೇಕು.

ಊಟ ಮೂರು, ಸೀರೆ ಆರು. ಸೂರ್ಯಕಾಂತರು ಎದೆಗುಂದಲಿಲ್ಲ. ಕಾರ್ಖಾನೆಯ ಶಿಫ್ಟ್ ಚಾರ್ಟಿನ ಹಾಗೆ ಒಂದು ಪಟ್ಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಮೊದಲ ರಾತ್ರಿ ಸೂಪಿನಿಂದ ಪಲ್ಯದವರೆಗೆ ಇಳಕಲ್ಲು. ಆಮೇಲೆ ಹದಿನೈದು ನಿಮಿಷ ಬಿಡುವು. ಅನ್ನದಿಂದ ಐಸ್‌ಕ್ರೀಮಿನವರೆಗೆ ವಿಜಯಶ್ರೀಯ ಪತ್ತಲ. ಶಿವದೇವಿ ಅದನ್ನು ಓದಿ, ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಕೆಳಗಿಟ್ಟರು. ತಾನು ಹೋಗುತ್ತಿರುವುದು ಉಣ್ಣಲಿಕ್ಕೋ, ಸೀರೆ ಬದಲಾಯಿಸಲಿಕ್ಕೋ ಎಂದು ಕೇಳಿದರು. ಗಂಡ ಉತ್ತರ ಹೇಳಲು ಬಾಯಿ ತೆರೆಯುವ ಮೊದಲೇ ಮುಂದುವರಿಸಿದರು.

"ಒಬ್ರದು ಉಟ್ರ ಐದು ಮಂದಿಗೆ ಸಿಟ್ಟು. ನಾ ಬರಂಗಿಲ್ಲ. ನೀವ ಹೋಗಿ ಬರ್ರಿ. ಆರೂ ಸೀರಿ ನೀವ ಉಟ್ಕೊಂಡು ನಿಂದರ್ರಿ ಕ್ಯಾಪ್ಟನ್ ಬಾಜೂಕ."

ಇದು ನಗುವ ಮಾತಾಗಿ ಕೇಳಿಸಿದರೂ ನಗುವಂಥದ್ದಾಗಿರಲಿಲ್ಲ. ಆ ಸಂಜೆ ಅವರು ನಮ್ಮ ಮನೆಗೆ ಬಂದು ಹಡಗಿನ ಚಿತ್ರವಿದ್ದ ಕಾಗದವನ್ನು ಶೋಭಾಳ ಕೈಗೆ ಕೊಟ್ಟು, ನೀವಾದರೂ ಇಟ್ಟುಕೊಳ್ಳಿ ಎಂದು ಹೋದರು. ಬದುಕಿನಲ್ಲಿ ಮೊದಲ ಸಲ ಗೆದ್ದದ್ದು ಸೀರೆಯ ಗಂಟಿನಡಿ ಸಿಕ್ಕಿ ಸತ್ತಿತು. ನನಗೆ ಸಿಟ್ಟು ಬಂತು. ಮರುದಿನ ಸೂರ್ಯಕಾಂತರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಆ ಪ್ರವಾಸದ ಏರ್ಪಾಡು ನೋಡಿಕೊಳ್ಳುತ್ತಿದ್ದ ಬೇಗಂಪೇಟೆಯ ಆಫೀಸಿಗೆ ಕರೆದುಕೊಂಡು ಹೋದೆ.

ಅಲ್ಲಿ ಕೌಂಟರಿನಲ್ಲಿದ್ದ ಹುಡುಗಿ ಸಿಂಚನಾ, ಮೈಸೂರಿನವಳು. ನಮ್ಮ ಹಿಂದಿ ಕೇಳಿದ ಕೂಡಲೇ ದಯೆಯಿಂದ ಕನ್ನಡಕ್ಕೆ ತಿರುಗಿದಳು. ಸೂರ್ಯಕಾಂತರು ಜೇಬಿನಿಂದ ಒಂದು ಅರ್ಜಿ ತೆಗೆದರು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರುವಾಗಿ, ಕ್ಯಾಶುವಲ್ ಡಿನ್ನರಿನಲ್ಲಿ ಮಹಿಳೆಯರ ಉಡುಪಿನ ಬಗ್ಗೆ ಏಳು ಪ್ರಶ್ನೆಗಳಿದ್ದವು. ಸೆರಗಿನ ಉದ್ದದ ಬಗ್ಗೆಯೇ ಎರಡು. ಹುಡುಗಿ ಎಲ್ಲವನ್ನೂ ಓದಿ, ತುಟಿ ಬಿಗಿಹಿಡಿದು ನಗು ತಡೆದುಕೊಂಡು, ಅಂಥ ರೂಲ್ ಯಾವುದೂ ಇಲ್ಲ, ಜೀನ್ಸು, ಚೂಡಿದಾರ, ಸೀರೆ ಏನು ಹಾಕಿದರೂ ನಡೆಯುತ್ತದೆ, ಕ್ಯಾಪ್ಟನ್ ಹಡಗು ನಡೆಸುತ್ತಾರೆ, ಬಾಗಿಲಲ್ಲಿ ನಿಲ್ಲುವುದಿಲ್ಲ ಎಂದಳು.

ಸೂರ್ಯಕಾಂತರಿಗೆ ಇದು ಒಪ್ಪಿಗೆಯಾಗಲಿಲ್ಲ. ಮೂವತ್ತು ವರ್ಷದ ಸರ್ವಿಸಿನಲ್ಲಿ 'ಏನು ಬೇಕಾದರೂ' ಎಂಬ ಆರ್ಡರನ್ನು ತಾವು ಕಂಡಿಲ್ಲ, ಅದನ್ನು ಬರೆದು ಸಹಿ ಮಾಡಿ ಸೀಲು ಒತ್ತಿ ಕೊಡಬೇಕು ಎಂದರು. ಹಿಂದೆ ಸಾಲಿನಲ್ಲಿ ಐದು ಜನ ನಿಂತಿದ್ದರು. ಹುಡುಗಿ ಒಂದು ಹಾಳೆಯ ಮೇಲೆ, 'ಮಹಿಳೆಯರು ತಮಗೆ ಆರಾಮ ಅನಿಸುವ ಯಾವುದೇ ಉಡುಪು ಧರಿಸಬಹುದು' ಎಂದು ಬರೆದಳು. ಅವಳ ಹತ್ತಿರ ಇದ್ದದ್ದು ಪಾರ್ಸಲ್ ಬಂದಾಗ ಒತ್ತುವ ಸೀಲೊಂದೇ. ಅದನ್ನೇ ಒತ್ತಿದಳು. ಹೀಗಾಗಿ ಆ ಆಜ್ಞೆಯ ಕೆಳಗೆ 'ಸಾಮಾನು ತಲುಪಿದೆ' ಎಂದು ದಾಖಲಾಯಿತು.

ನಲವತ್ತು ಜನರ ಎದುರಿಗೆ ಹೇಳಿದ ರೂಲ್ ಸುಳ್ಳಾಗಿತ್ತು. ಬರುವ ದಾರಿಯಲ್ಲಿ, ತಾರ್ನಾಕ ಸಿಗ್ನಲ್ಲಿನಲ್ಲಿ, ಸೂರ್ಯಕಾಂತರು ನನ್ನ ಭುಜದ ಮೇಲೆ ಕೈಯಿಟ್ಟು, ಈ ಕಾಗದದ ವಿಷಯ ಲಿಂಗಂಪಲ್ಲಿಗೆ ತಿಳಿಯಬಾರದು ಎಂದರು. ಮನೆಗೆ ಬಂದು ಅದನ್ನು ಹೆಂಡತಿಗೆ ತೋರಿಸಿದರು. ಆಕೆ ಎರಡು ಸಲ ಓದಿದರು.

"ನನಗ ಆರಾಮ ಅನಸೋದು ನೈಟಿ," ಎಂದರು.

ಹೇಳಬೇಕಾದ್ದೆಂದರೆ, ನಮ್ಮ ಕಾಲೋನಿಯಲ್ಲಿ ನೈಟಿಯೇ ರಾಷ್ಟ್ರೀಯ ಉಡುಪು. ಮೇಲೊಂದು ಚುನ್ನಿ ಹೊದ್ದರೆ ತರಕಾರಿ ಗಾಡಿ, ಹಾಲಿನ ಬೂತು, ಶಾಲೆಯ ಬಸ್ಸು, ಮೂರೂ ಕಡೆ ಸಲ್ಲುತ್ತದೆ. ಆದರೆ ಹಡಗು ಬೇರೆ ಮಾತು. ಸೂರ್ಯಕಾಂತರು ಕುರ್ಚಿ ಹಿಡಿದು ಕೂತರು. ಶಿವದೇವಿ ಅವರಿಗೆ ನೀರು ತಂದುಕೊಟ್ಟು, ಅದಕ್ಕೇ ತಾನು ಬರುವುದಿಲ್ಲ ಎಂದು ಮತ್ತೊಮ್ಮೆ ಹೇಳಿ ಒಳಗೆ ಹೋದರು.

ಹೊರಡಲು ಎಂಟು ದಿನ ಉಳಿದಿತ್ತು. ಆಗ ಸೂರ್ಯಕಾಂತರಿಗೆ ಒಂದು ಉಪಾಯ ಹೊಳೆಯಿತು. ಅದು ನನ್ನ ಟೆಸ್ಟಿಂಗ್ ವಿಭಾಗದಿಂದ ಕದ್ದ ಉಪಾಯ. ಪರೀಕ್ಷೆ ಮಾಡದೆ ಯಾವ ಯಂತ್ರವನ್ನೂ ಕಾರ್ಖಾನೆಯಿಂದ ಹೊರಗೆ ಬಿಡುವುದಿಲ್ಲ. ಹಾಗೆಯೇ ಭಾನುವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಹಡಗಿನ ಊಟದ ತಾಲೀಮು ಮಾಡುವುದು. ಸೀರೆ ಕೊಟ್ಟವರೆಲ್ಲ ಬರುವುದು. ಯಾವ ಮೂರು ಸೀರೆ ಊಟಕ್ಕೆ ತಕ್ಕವೋ ಅವರೇ ಕಣ್ಣಾರೆ ನೋಡಿ ಒಪ್ಪುವುದು. ತಪ್ಪು ಯಾರ ಮೇಲೂ ಬರುವುದಿಲ್ಲ. ಶಿವದೇವಿ ಬೇಡವೆಂದರು. ಆದರೆ ಬರುವವರಿಗೆ ಅಡುಗೆಯಂತೂ ಮಾಡಲೇಬೇಕಲ್ಲ ಎಂದು ಬೆಳಗ್ಗೆಯೇ ಬೇಳೆ ನೆನೆಹಾಕಿದರು.

ಎರಡು ನೀರಿನ ಟ್ಯಾಂಕುಗಳ ನಡುವೆ ಉದ್ದಕ್ಕೆ ಮೇಜು ಹಾಕಿದೆವು. ಬಾಡಿಗೆ ಕುರ್ಚಿ, ಬಿಳಿ ಬಟ್ಟೆ, ಚಮಚೆ, ಮುಳ್ಳು ಚಮಚೆ. ವಾಚ್‌ಮನ್ನನ ಟೊಪ್ಪಿಗೆ ಇಟ್ಟುಕೊಂಡು ನಾನು ಲಿಫ್ಟಿನ ಬಾಗಿಲಲ್ಲಿ ಕ್ಯಾಪ್ಟನ್ ಆಗಿ ನಿಂತೆ. ಸೂರ್ಯಕಾಂತರು ಕೋಟು ಹಾಕಿ, ಅದರ ಮೇಲೆ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷದ ಸೇವೆಗೆ ಹೊದಿಸಿದ ಸನ್ಮಾನದ ಶಾಲನ್ನೂ ಹೊದ್ದು ಬಂದರು. ಮರೂನ್ ಬಣ್ಣ, ಜರಿ ಅಂಚು. ಐದು ವರ್ಷದಿಂದ ನುಸಿಗುಳಿಗೆಯ ಜೊತೆ ಅಲಮಾರಿಯಲ್ಲಿದ್ದ ಅದರ ವಾಸನೆ ಅವರಿಗಿಂತ ಮುಂಚೆ ಬಂತು. ಪಕ್ಕದಲ್ಲಿ ಶಿವದೇವಿ, ವಿಜಯಶ್ರೀಯ ಭಾರೀ ಪತ್ತಲದಲ್ಲಿ, ಬಾಗಿಲಿಗೆ ತಗಲದ ಹಾಗೆ ಅಡ್ಡಡ್ಡ ನಡೆದು ಬಂದರು.

ಬಡಿಸುವುದು ಶೋಭಾಳ ಕೆಲಸ ಎಂದು ಮೊದಲೇ ನಿಶ್ಚಯವಾಗಿತ್ತು. ಎಲ್ಲರೂ ಕೂತರು. ಶಿವದೇವಿ ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದರು. ಒಂದು ತುತ್ತು ಬಾಯಿಗಿಟ್ಟರು. ಅಷ್ಟರಲ್ಲಿ ವಿಜಯಶ್ರೀಯ ತಟ್ಟೆಯಲ್ಲಿ ರೊಟ್ಟಿ ಮುಗಿದದ್ದು ಕಣ್ಣಿಗೆ ಬಿತ್ತು. ಥಟ್ಟನೆ ಎದ್ದರು, ಆ ಗೇಣಗಲದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿದರು, ರೊಟ್ಟಿಯ ಬುಟ್ಟಿ ಎತ್ತಿಕೊಂಡರು. ಕ್ಯಾಪ್ಟನ್ ಆಗಿ ನಾನು ಆಕ್ಷೇಪಿಸಿದೆ. ಕೂತರು. ಎರಡು ನಿಮಿಷಕ್ಕೆ ಸೋದರತ್ತೆಯ ಮಗಳಿಗೆ ಉಪ್ಪು ಬೇಕಾಯಿತು, ಎದ್ದರು. ಶೋಭಾ ಹೆಗಲು ಹಿಡಿದು ಕೂರಿಸಿದಳು. ಮತ್ತೆ ಹೋಳಿಗೆಗೆ ತುಪ್ಪ ಬರಲಿಲ್ಲವೆಂದು ಎದ್ದರು. ಹೊಸ ಪತ್ತಲದ ಮೇಲೆ ಎಣ್ಣೆಗಾಯಿಯ ಎಣ್ಣೆ ರಾಜ್ಯ ವಿಸ್ತಾರ ಮಾಡುತ್ತಿತ್ತು.

ಸೂರ್ಯಕಾಂತರಿಗೆ ಅವಮಾನವಾಯಿತು. ಮುಳ್ಳು ಚಮಚೆಯಿಂದ ಮೇಜು ಕುಟ್ಟಿ, ಹಡಗಿನಲ್ಲಿ ಹೀಗೆ ಎದ್ದೆದ್ದು ಓಡಾಡಿದರೆ ಮರ್ಯಾದೆ ಏನಾದೀತು ಎಂದು ಗದರಿದರು. ಆಮೇಲೆ ಅದೇ ಉಸಿರಿನಲ್ಲಿ ತಮ್ಮ ಬಟ್ಟಲನ್ನು ಮುಂದೆ ಚಾಚಿದರು.

"ಸುಮ್ನ ಕೂಡು ಅಂದ್ರ ಕೇಳಂಗಿಲ್ಲಲ್ಲ ನೀ. ಹಾಂ, ಎದ್ದೀದಿ ಅಂದಮ್ಯಾಲ ಒಂದೀಟು ಸಾರು ಹಾಕು."

ಎಲ್ಲರೂ ನಕ್ಕರು. ಶಂಕ್ರಮ್ಮ ನಗಲಿಲ್ಲ. ಮುದುಕಿ ತಟ್ಟೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಸಾರಿನ ಪಾತ್ರೆ ಹಿಡಿದು ನಿಂತಿದ್ದ ಶಿವದೇವಿಯನ್ನು ನೋಡುತ್ತ ಕೂತರು.

"ಇಕಿ ನಮ್ಮ ಮನಿಗೆ ಬಂದು ಮೂವತ್ತು ವರ್ಷಾತು," ಎಂದರು. "ಇಕಿ ಕೂತು ಉಂಡದ್ದು ನಾ ಒಮ್ಮಿನೂ ನೋಡಿಲ್ಲ. ಸೀರಿ ಯಾವ್ದು ಉಟ್ರೇನು, ಇಕಿಗೆ ಕೂಡಾಕ ಬರಂಗಿಲ್ಲ. ನಾವರ ಎಲ್ಲಿ ಕಲಿಸೀವಿ?"

ಶಿವದೇವಿ ಸಾರಿನ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಹಡಗಿನ ಆಸೆ ತನಗೆ ಯಾಕಿತ್ತೆಂದರೆ, ಅಲ್ಲಿ ಯಾರದೋ ಅಡುಗೆ, ಯಾರೋ ಬಡಿಸುವುದು, ಅದಕ್ಕೇ ಎಂದರು. ಸಮುದ್ರ ಆಮೇಲಿನ ಮಾತಂತೆ. ನಾನು ಟೊಪ್ಪಿಗೆ ತೆಗೆದೆ. ಸೂರ್ಯಕಾಂತರು ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು.

ಶಂಕ್ರಮ್ಮ ಹೊಸ ತೀರ್ಪು ಕೊಟ್ಟರು: ಶಿವದೇವಿ ಹೋಗಬೇಕು, ಯಾವ ಸೀರೆಯಾದರೂ ಉಡಲಿ, ಆದರೆ ಹಡಗಿನಲ್ಲಿ ಊಟಕ್ಕೆ ಕೂತ ಮೇಲೆ ಏಳಬಾರದು. ಎಲ್ಲರೂ ಒಪ್ಪಿದರು. ಸೀರೆಯಲ್ಲೇನಿದೆ, ಮನಸ್ಸು ಮುಖ್ಯ ಎಂದು ವಿಜಯಶ್ರೀಯೇ ಎಲ್ಲರಿಗಿಂತ ಜೋರಾಗಿ ಹೇಳಿದಳು. ಆಮೇಲೆ ಮೆಟ್ಟಿಲು ಇಳಿಯುವಾಗ ಒಬ್ಬೊಬ್ಬರೂ ಶಿವದೇವಿಯ ಕಿವಿಯ ಹತ್ತಿರ ಬಾಗಿ, ತಮ್ಮದೊಂದನ್ನು ಒಂದು ಸಲ ಉಟ್ಟುಬಿಡಿ ಎಂದು ಪಿಸುಗುಟ್ಟಿ ಹೋದರು. ಶಂಕ್ರಮ್ಮನೂ ಪಿಸುಗುಟ್ಟಿದರು. ಶಿವದೇವಿ ಎಲ್ಲರಿಗೂ ಹೂಂ ಎಂದರು.

ಬುಧವಾರ ಮುಂಬೈ ರೈಲು ಹತ್ತಿಸಿ ಬಂದೆ. ಆರು ಸೀರೆಯ ಪೆಟ್ಟಿಗೆಯನ್ನು ಹೊತ್ತದ್ದು ನಾನು, ಈಗಲೂ ಬೆನ್ನು ನೋಯುತ್ತದೆ. ಸಮುದ್ರದ ನಡುವೆ ಫೋನ್ ಸಿಗುವುದಿಲ್ಲವಾದ್ದರಿಂದ ಮೂರು ದಿನ ಗ್ರೂಪಿನಲ್ಲಿ ಬರೀ ಬೆಳಗಿನ ಶುಭೋದಯಗಳು. ನಾಲ್ಕನೆಯ ದಿನ ಬೆಳಗ್ಗೆ, ಹಡಗು ಮುಂಬೈಗೆ ವಾಪಸಾದ ಕೂಡಲೇ, ಮೂರು ರಾತ್ರಿಯ ಮೂರು ಫೋಟೋ ಒಟ್ಟಿಗೆ ಬಂದವು.

ಮೂರರಲ್ಲೂ ಶಿವದೇವಿ ಮೇಜಿನೆದುರು ಹಾಯಾಗಿ ಕೂತಿದ್ದರು. ಮೂರರಲ್ಲೂ ಕುತ್ತಿಗೆಯಿಂದ ಮೊಣಕಾಲಿನ ತನಕ ಅದೇ ಸನ್ಮಾನದ ಶಾಲು. ಎಸಿ ಭಾಳ ಇತ್ತು ಎಂದು ಕೆಳಗೆ ಒಂದೇ ಸಾಲು ಬರೆದಿದ್ದರು. ಒಳಗಿನ ಸೀರೆ ಯಾರದು ಎಂದು ಬ್ರಹ್ಮನೂ ಹೇಳುವಂತಿರಲಿಲ್ಲ.

ಆಮೇಲೆ ವಿಜಯಶ್ರೀ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ, ಮೂರನೆಯದರಲ್ಲಿ ಶಾಲಿನ ಅಂಚಿನ ಕೆಳಗೆ ಹೆಬ್ಬೆರಳಗಲ ಬಟ್ಟೆ ಇಣುಕುತ್ತಿರುವುದನ್ನು ಪತ್ತೆ ಹಚ್ಚಿದಳು. ಅದು ತನ್ನ ಪತ್ತಲದ ಅಂಚೇ ಎಂದು ಬರೆದಳು. ಭಾಲ್ಕಿಯವರು, ಬೆಳಕಿಗೆ ಹಾಗೆ ಕಾಣುತ್ತದೆ, ನಿಜಕ್ಕೂ ಹಸಿರು, ನಮ್ಮದು ಎಂದರು. ಸೋದರತ್ತೆಯ ಮಗಳು ಕೆಂಪು ಹೂವನ್ನು ಗುರುತಿಸಿದಳು. ಕಾರ್ಖಾನೆಯ ಹೆಂಗಸರು ಕೈಮುಗಿದ ಚಿತ್ರ ಹಾಕಿ ಧನ್ಯವಾದ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಆ ಹೆಬ್ಬೆರಳಗಲ ಬಟ್ಟೆಗೆ ನಾಲ್ಕು ಕಡೆಯ ಒಡತಿಯರಾಗಿ, ನಾಲ್ಕೂ ಕಡೆಯವರಿಗೆ ತೃಪ್ತಿಯಾಗಿತ್ತು.

ಶೋಭಾ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು, ಒಣಹಾಕಿದ್ದ ತನ್ನ ನೈಟಿಯೊಂದನ್ನು ಹಗ್ಗದಿಂದ ಎಳೆದು ತಂದು ಫೋನಿನ ಪಕ್ಕ ಹಿಡಿದಳು. ಅದೇ ಸಣ್ಣ ಹೂವು. ಸೋಮವಾರದ ಸಂತೆಯಲ್ಲಿ ಇಬ್ಬರೂ ಒಂದೊಂದು ಕೊಂಡಿದ್ದರಂತೆ. ಇದನ್ನು ನಾನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ. ಓದುಗರು ಲಿಂಗಂಪಲ್ಲಿಯ ಕಡೆ ಹೋದಾಗ ಬಾಯಿ ಬಿಡಬಾರದು.

ಶಂಕ್ರಮ್ಮ ಮಾತ್ರ ಬಟ್ಟೆಯನ್ನು ನೋಡಲೇ ಇಲ್ಲ. ಕನ್ನಡಕ ಹಾಕಿಕೊಂಡು ಫೋಟೋದಲ್ಲಿ ಶಿವದೇವಿಯ ಹಿಂದೆ ಏನಿದೆ ಎಂದು ನೋಡಿದರಂತೆ. ಅಲ್ಲಿ ಸೂರ್ಯಕಾಂತರು ಕೋಟಿನ ತೋಳು ಮಡಚಿ, ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು, ಚೆಲ್ಲದ ಹಾಗೆ ಹುಷಾರಾಗಿ ಹೆಂಡತಿಯ ಕಡೆ ಬರುತ್ತಿದ್ದರು. ನನ್ನ ತಮ್ಮಗ ನಡಿಯಾಕ ಬಂತು ಎಂದು ಮುದುಕಿ ಎಲ್ಲರಿಗೂ ಫೋನ್ ಮಾಡಿ ಹೇಳಿದರು.

ಮುಂದಿನ ತಿಂಗಳು ನಮ್ಮ ಮನೆಯಲ್ಲಿ ಪೂಜೆ ಇತ್ತು. ಮೊದಲ ಪಂಕ್ತಿಗೆ ಕರೆದಾಗ ಶಿವದೇವಿ ಬಂದು, ಶಂಕ್ರಮ್ಮನ ಪಕ್ಕದ ಎಲೆಗೆ ಕೂತರು. ಯಾರೂ ಕರೆಯಬೇಕಾಗಲಿಲ್ಲ. ಸೂರ್ಯಕಾಂತರು ಟವೆಲ್ಲನ್ನು ಸೊಂಟಕ್ಕೆ ಸುತ್ತಿ ನನ್ನ ಜೊತೆ ಬಡಿಸಲು ನಿಂತರು. ಎಲೆಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ನನಗೇ ಪಾಠ ಹೇಳಿದರು, ಅಷ್ಟೂ ತಪ್ಪು.

ಪಂಕ್ತಿಯ ಕೊನೆಯಲ್ಲಿದ್ದ ಕಾರ್ಖಾನೆಯ ಹೆಂಗಸೊಬ್ಬಳು, ತಾವೂ ಬೇಸಿಗೆಯಲ್ಲಿ ಹಡಗಿಗೆ ಹೋಗುವವರೆಂದು ಹೇಳಿ, ರಾತ್ರಿ ಊಟಕ್ಕೆ ಹೆಂಗಸರು ಏನು ಉಡಬೇಕು ಎಂದು ಕೇಳಿದಳು. ಸೂರ್ಯಕಾಂತರು ಪಲ್ಯದ ಸೌಟು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. ಅವರ ತುಟಿಯ ಮೇಲೆ 'ರೂಲ್' ಎಂಬ ಶಬ್ದ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಶಿವದೇವಿ ತಲೆಯೆತ್ತದೆ, ಹೋಳಿಗೆ ಮುರಿಯುತ್ತ ಹೇಳಿದರು:

"ಏನರ ಉಡ್ರಿ. ಆದ್ರ ಕೂತು ಉಣ್ರಿ."

ಆಮೇಲೆ ಬಟ್ಟಲನ್ನು ಗಂಡನ ಕಡೆ ಚಾಚಿದರು.

"ರೀ, ಒಂದೀಟು ಸಾರು ಹಾಕ್ರಿ."